ಅಮ್ಮನ ಕಿವಿ, ನನ್ನ ನಾಲ್ಕು ಗೇಮ್

ಕಳೆದ ಎರಡು ತಿಂಗಳಲ್ಲಿ ನಾನು ನಾಲ್ಕು ಗೇಮ್ ಮುಗಿಸಿದೆ. ಇದೇನು ಮಹಾ ಸಾಧನೆ ಅಂತ ಕೇಳಬೇಡಿ. ಅದಕ್ಕೂ ಮುಂಚಿನ ಎರಡು ವರ್ಷದಲ್ಲಿ ನಾನು ಮುಗಿಸಿದ ಗೇಮ್‌ಗಳ ಸಂಖ್ಯೆ ಸೊನ್ನೆ. ಬೋನಸ್ ಬಂದಾಗ ಆಸೆಪಟ್ಟು ತಂದ ಪಿಎಸ್ 5 ಟಿವಿ ಕೆಳಗೆ ಧೂಳು ಹಿಡಿದು ಕೂತಿತ್ತು. ಸೇಲ್ ಬಂದಾಗಲೆಲ್ಲ ಒಂದೊಂದು ಗೇಮ್ ಕೊಳ್ಳೋದು, ಡೌನ್‌ಲೋಡ್‌ಗೆ ಹಾಕೋದು, ಶನಿವಾರ ರಾತ್ರಿ ಒಂದು ಗಂಟೆ ಆಡೋದು. ಆಮೇಲೆ ರಿಲೀಸ್, ಆನ್-ಕಾಲ್, ನಿದ್ದೆ. ಮುಂದಿನ ಸಲ ಆನ್ ಮಾಡುವಷ್ಟರಲ್ಲಿ ಯಾವ ಬಟನ್ ಒತ್ತಿದರೆ ಏನಾಗುತ್ತೆ ಅನ್ನೋದೇ ಮರೆತಿರುತ್ತಿತ್ತು. ನಿಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿರುವ ಕಥೆಯೇ.

ಈ ಸಲ ಸಮಯ ಸಿಕ್ಕಿದ್ದಕ್ಕೆ ಎರಡು ಕಾರಣ. ಒಂದು, ಅಮ್ಮನ ಎಡಗಣ್ಣಿಗೆ ಪೊರೆ ಆಪರೇಷನ್ ಆಗಿ ಅವಳು ನನ್ನ ಮನೆಯಲ್ಲಿದ್ದಳು. ಎರಡನೆಯ ಕಾರಣವನ್ನು ಅಮ್ಮನಿಗೆ ಹೇಳಿರಲಿಲ್ಲ. ಹನ್ನೊಂದು ನಿಮಿಷದ ವಿಡಿಯೊ ಕಾಲ್ ಒಂದರಲ್ಲಿ ನನ್ನ ಕೆಲಸ ಹೋಗಿತ್ತು. ಕ್ಯಾಲೆಂಡರ್‌ನಲ್ಲಿ ಅದರ ಹೆಸರು 'ಕ್ವಿಕ್ ಸಿಂಕ್' ಅಂತಿತ್ತು.

ಕಾಲ್ ಮುಗಿದಾಗ ಮೊದಲು ತಲೆಗೆ ಬಂದಿದ್ದು ಇಎಂಐ ಅಲ್ಲ, ಅಮ್ಮನ ಕಣ್ಣು. ಆಫೀಸಿನ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರೂ ಇತ್ತು. ನನ್ನ ಕೊನೆಯ ದಿನ ಅದಕ್ಕೂ ಕೊನೆಯ ದಿನ. ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂತ ಡಾಕ್ಟರ್ ಆರು ತಿಂಗಳ ಹಿಂದೆಯೇ ಹೇಳಿದ್ದರು. "ಕೊಬ್ಬರಿ ಕೆಲಸ ಮುಗೀಲಿ, ಹಬ್ಬ ಮುಗೀಲಿ" ಅಂತ ಮುಂದೂಡುತ್ತಾ ಬಂದವಳು ಅಮ್ಮನೇ. ನಾನು ತಿಪಟೂರಿಗೆ ಫೋನ್ ಮಾಡಿ "ಡೇಟ್ ಸಿಕ್ಕಿದೆ, ಈ ವಾರವೇ ಹೊರಡು" ಅಂದೆ. ಕೊನೆಯ ದಿನಕ್ಕೆ ಮೂರು ದಿನ ಮುಂಚೆ ಎಡಗಣ್ಣು ಆಯಿತು. ಬಲಗಣ್ಣು ಕೆಲವು ವಾರ ಬಿಟ್ಟು ಮಾಡೋಣ ಅಂದರು. ಆ ಕೆಲವು ವಾರದ ಹೊತ್ತಿಗೆ ಇನ್ಶೂರೆನ್ಸ್ ಇರುವುದಿಲ್ಲ ಅನ್ನೋದು ಆ ರೂಮಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

"ನಿನಗೋಸ್ಕರ ರಜಾ ಹಾಕಿದೀನಮ್ಮ" ಅಂದೆ. ಅಮ್ಮನಿಗೆ ಖುಷಿಯೋ ಖುಷಿ.

ಟಿವಿ ನೋಡಬಹುದು ಅಂತ ಡಾಕ್ಟರ್ ಹೇಳಿದ್ದರೂ ಅಮ್ಮ ಒಪ್ಪಲಿಲ್ಲ. "ಹೊಸ ಕಣ್ಣು ಹಾಕಿಸ್ಕೊಂಡು ನಿನ್ನ ದೆವ್ವಗಳನ್ನ ಯಾಕೆ ನೋಡ್ಲಿ?" ಅಂತ ಕಪ್ಪು ಕನ್ನಡಕ ಹಾಕಿಕೊಂಡು, ಟಿವಿಗೆ ಬೆನ್ನು ಮಾಡಿ, ಬಾಲ್ಕನಿ ಕಡೆ ಮುಖ ಹಾಕಿ ಕೂರುತ್ತಿದ್ದಳು. ಅವರೆಕಾಯಿ ಸೀಸನ್. ಮಡಿಲಲ್ಲಿ ಮೊರ. ಕಾಳು ಬಿಡಿಸೋಕೆ ಕಣ್ಣು ಬೇಕಿಲ್ಲ. ಹೀಗಾಗಿ ನನ್ನ ನಾಲ್ಕೂ ಗೇಮ್‌ಗಳನ್ನು ಅಮ್ಮ ಪೂರ್ತಿ ಕೇಳಿದಳು, ನೋಡಿದ್ದು ಒಂದನ್ನು ಮಾತ್ರ.

(ಮಕ್ಕಳಿರುವವರ ಗಮನಕ್ಕೆ: ನಾನು ಇಲ್ಲಿ ಹೇಳುವ ನಾಲ್ಕರಲ್ಲೂ ರಕ್ತಪಾತ ಇದೆ. ನಾಲ್ಕೂ ದೊಡ್ಡವರಿಗೆ ಮಾತ್ರ. ಮನೆಯಲ್ಲಿ ಏಳು ವರ್ಷದ ಮಗು ಇದ್ದರೆ ಅದು ಮಲಗಿದ ಮೇಲೆ ಆಡಿ.)

ಮೊದಲು ಮುಗಿದದ್ದು ಡೆಡ್ ಸ್ಪೇಸ್. 2008ರ ಹಳೆಯ ಗೇಮ್ ಅನ್ನು ಮೋಟಿವ್ ಅನ್ನುವ ಸ್ಟುಡಿಯೊ 2023ರಲ್ಲಿ ಬುಡದಿಂದ ಮತ್ತೆ ಕಟ್ಟಿತು. ನಾನು ಆಡಿದ್ದು ಈ ಹೊಸದನ್ನು. ಇದರ ನಾಯಕ ಐಸಾಕ್ ಕ್ಲಾರ್ಕ್ ಸೈನಿಕನಲ್ಲ, ಪೊಲೀಸ್ ಅಲ್ಲ, ಎಂಜಿನಿಯರ್. ಐಸಾಕ್ ಅಸಿಮೋವ್, ಆರ್ಥರ್ ಸಿ. ಕ್ಲಾರ್ಕ್ ಇಬ್ಬರ ಹೆಸರು ಸೇರಿಸಿ ಇವನಿಗಿಟ್ಟಿದ್ದಾರೆ. ಗ್ರಹಗಳನ್ನೇ ಒಡೆದು ಅದಿರು ತೆಗೆಯುವ ಇಶಿಮುರಾ ಅನ್ನುವ ದೊಡ್ಡ ಹಡಗಿನಿಂದ ಸಂಪರ್ಕ ಕಡಿದುಹೋಗಿದೆ, ಇವನು ರಿಪೇರಿ ತಂಡದ ಜೊತೆ ಹೋಗುತ್ತಾನೆ. ಹೋಗಿ ನೋಡಿದರೆ ಸತ್ತವರೆಲ್ಲ ಎದ್ದು ಕೈಕಾಲು ಕತ್ತಿಯಂತಾಗಿ ಓಡಾಡುತ್ತಿದ್ದಾರೆ.

ನನಗೆ ನಗು ಬಂದಿದ್ದು ಬೇರೆ ಕಾರಣಕ್ಕೆ. ಎಲ್ಲರೂ ಸಾಯುತ್ತಿದ್ದರೂ ಐಸಾಕ್‌ಗೆ ಕೆಲಸ ತಪ್ಪಿಲ್ಲ. ಒಂದು ಅಧ್ಯಾಯದಲ್ಲಿ ಟ್ರ್ಯಾಮ್ ಕೆಟ್ಟಿದೆ, ಇನ್ನೊಂದರಲ್ಲಿ ಎಂಜಿನ್, ಮತ್ತೊಂದರಲ್ಲಿ ಉಸಿರಾಡುವ ಗಾಳಿಯೇ ವಿಷ. ಒಂದು ಸರಿ ಮಾಡಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮೇಲಿನವರು "ಐಸಾಕ್, ಇದೊಂದು ನೋಡಿಬಿಡು" ಅಂತ ಕರೆ ಮಾಡುತ್ತಾರೆ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದಾಗ ಎದ್ದು ಕೂತವರಿಗೆ ಇದಕ್ಕಿಂತ ಹತ್ತಿರದ ನಾಯಕ ಸಿಗಲಾರ. ಅವನ ಆಯುಧಗಳೂ ಬಹುಪಾಲು ಗಣಿ ಕೆಲಸದ ಉಪಕರಣಗಳೇ. ತಲೆಗೆ ಗುಂಡು ಹಾಕಿದರೆ ಈ ದೆವ್ವಗಳು ಸಾಯಲ್ಲ, ಕೈಕಾಲು ಕತ್ತರಿಸಬೇಕು. ಹತ್ತು ವರ್ಷ ಬೇರೆ ಬೇರೆ ಶೂಟಿಂಗ್ ಗೇಮ್ ಆಡಿ ತಲೆಗೇ ಗುರಿಯಿಡುವ ಅಭ್ಯಾಸ ಆದವರಿಗೆ ಮೊದಲ ಒಂದು ಗಂಟೆ ನರಕ.

ಇನ್ನೊಂದು ನನಗೆ ಬಹಳ ಹಿಡಿಸಿತು. ಪರದೆಯ ಮೂಲೆಯಲ್ಲಿ ಜೀವ ಎಷ್ಟಿದೆ ಅಂತ ತೋರಿಸುವ ಪಟ್ಟಿಯೇ ಇಲ್ಲ. ಐಸಾಕ್‌ನ ಬೆನ್ನುಹುರಿಯ ಉದ್ದಕ್ಕೂ ಒಂದು ದೀಪದ ಸಾಲು ಇದೆ, ಅದೇ ಅವನ ಜೀವ. ಕೆಲವು ಕಡೆ ಒಂದು ಸ್ವಿಚ್ ಬೋರ್ಡ್ ಸಿಗುತ್ತೆ. ಕರೆಂಟ್ ಎಲ್ಲದಕ್ಕೂ ಸಾಲಲ್ಲ. ಲೈಟ್ ಬೇಕಾ, ಆಕ್ಸಿಜನ್ ಬೇಕಾ ಅಂತ ನೀವೇ ಆರಿಸಬೇಕು. ಕತ್ತಲಲ್ಲಿ ಹೋಗೋದಾ, ಉಸಿರು ಕಟ್ಟಿಕೊಂಡು ಬೆಳಕಲ್ಲಿ ಹೋಗೋದಾ? ಲೋಡ್‌ಶೆಡ್ಡಿಂಗ್ ಕಾಲದಲ್ಲಿ ಬೆಳೆದ ನಾನು ಪ್ರತಿ ಸಲವೂ ಕತ್ತಲನ್ನೇ ಆರಿಸಿದೆ.

ಆದರೆ ಅರ್ಧ ದಾಟಿದ ಮೇಲೆ ಭಯ ಹೋಗಿಬಿಟ್ಟಿತು. ಆಯುಧ ಬಲವಾಗುತ್ತಾ ಹೋಗುತ್ತೆ, ಜೇಬು ತುಂಬುತ್ತೆ, ದೆವ್ವ ಬಂದರೆ "ಬಾ ಮಾರಾಯ, ಬೇಗ ಮುಗಿಸೋಣ" ಅನ್ನಿಸುತ್ತೆ. ಹಾರರ್ ಗೇಮ್ ಕೊನೆಗೆ ಬರೀ ಕೆಲಸವಾಗಿ ಉಳಿಯುತ್ತೆ. ಅಮ್ಮನ ವಿಮರ್ಶೆ ಇನ್ನೂ ಕಟುವಾಗಿತ್ತು: "ಒಂದೇ ಸಮ ಕಿರುಚ್ತಾವೆ. ಹೆದರಿಸೋರು ಇಷ್ಟು ಗಲಾಟೆ ಮಾಡ್ತಾರೇನೋ?"

ಅಮ್ಮನ ಮಾತಿನ ಅರ್ಥ ಮುಂದಿನ ಗೇಮ್‌ನಲ್ಲಿ ಗೊತ್ತಾಯಿತು. ರೆಸಿಡೆಂಟ್ ಈವಿಲ್ 2. ಇದೂ ಹಳೆಯದರ ಹೊಸ ರೂಪ. ಮೂಲ 1998ರಲ್ಲಿ ಬಂದದ್ದು, ಹೊಸದು 2019ರ ಜನವರಿಯಲ್ಲಿ. ಹೊಸದಾಗಿ ಡ್ಯೂಟಿಗೆ ಸೇರಲು ಬಂದ ಲಿಯಾನ್ ಅನ್ನುವ ಪೊಲೀಸ್ ಹುಡುಗ, ಮೊದಲ ದಿನವೇ ಊರೆಲ್ಲ ಜೋಂಬಿ. ಅವನು ಸಿಕ್ಕಿಹಾಕಿಕೊಳ್ಳುವ ಪೊಲೀಸ್ ಠಾಣೆ ಒಂದು ಕಾಲಕ್ಕೆ ಕಲಾ ಸಂಗ್ರಹಾಲಯವಾಗಿತ್ತಂತೆ. ಅದಕ್ಕೇ ಅಲ್ಲಿ ಪ್ರತಿಮೆಗಳು, ಗುಪ್ತ ಬಾಗಿಲುಗಳು, ಚಿತ್ರವಿಚಿತ್ರ ಬೀಗಗಳು.

ಇಲ್ಲಿ ಗುಂಡು ಕಡಿಮೆ, ಜೇಬು ಚಿಕ್ಕದು. ಶುರುವಿನಲ್ಲಿ ಎಂಟೇ ಎಂಟು ಖಾನೆ. ಗಿಡಮೂಲಿಕೆ ತಗೊಂಡರೆ ಕೀಲಿಗೆ ಜಾಗ ಇಲ್ಲ, ಕೀಲಿ ತಗೊಂಡರೆ ಗುಂಡಿಗೆ ಜಾಗ ಇಲ್ಲ. ಪ್ರತಿ ಜೋಂಬಿಯನ್ನೂ ಕೊಲ್ಲುತ್ತಾ ಹೋದರೆ ಮುಂದೆ ಬರಿಗೈ. ಆದ್ದರಿಂದ ಯಾವುದನ್ನು ಕೊಲ್ಲಬೇಕು, ಯಾವುದರ ಪಕ್ಕದಲ್ಲಿ ನುಸುಳಿ ಹೋಗಬೇಕು ಅನ್ನುವ ಲೆಕ್ಕವೇ ಗೇಮ್. ತಿಂಗಳ ಕೊನೆಯ ವಾರದ ಅಡುಗೆಮನೆ ಲೆಕ್ಕದ ಹಾಗೆ. ಕೆಲಸ ಇಲ್ಲದವನು ಆಡಬಾರದ ಗೇಮ್ ಇದು ಅಂತ ಆಗಾಗ ಅನ್ನಿಸುತ್ತಿತ್ತು. ನಿಂತ ನಿಂತಲ್ಲೇ ಬ್ಯಾಂಕ್ ಬ್ಯಾಲೆನ್ಸ್ ನೆನಪಾಗುತ್ತಿತ್ತು.

ಲಿಕ್ಕರ್ ಅಂತ ಒಂದು ಪ್ರಾಣಿ ಇದೆ. ಚರ್ಮ ಸುಲಿದ ಮೈ, ಮಾರುದ್ದ ನಾಲಿಗೆ, ಕಣ್ಣೇ ಇಲ್ಲ. ಶಬ್ದ ಕೇಳಿಯೇ ಬೇಟೆಯಾಡುತ್ತೆ. ಓಡಿದರೆ ಸತ್ತೆವು, ಮೆಲ್ಲಗೆ ಹೆಜ್ಜೆ ಇಟ್ಟರೆ ಪಕ್ಕದಲ್ಲೇ ಹೋಗಬಹುದು. ಅಮ್ಮನಿಗೆ ವಿವರಿಸಿದೆ. "ಪಾಪ, ಅದಕ್ಕೂ ಪೊರೆ ಬಂದಿರ್ಬೇಕು" ಅಂದಳು.

ಆಮೇಲೆ ಅವನು ಬಂದ. ಗೇಮ್ ಆಡುವವರು ಅವನನ್ನು ಮಿಸ್ಟರ್ ಎಕ್ಸ್ ಅಂತಾರೆ. ಏಳಡಿಗೂ ಮೀರಿದ ಆಳು, ಉದ್ದ ಕೋಟು, ತಲೆಗೆ ಟೋಪಿ, ಮುಖದಲ್ಲಿ ಭಾವನೆ ಇಲ್ಲ. ಬಿದ್ದ ಹೆಲಿಕಾಪ್ಟರ್ ಅನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ಸರಿಸಿ ಬರುತ್ತಾನೆ. ಗುಂಡು ಹಾಕಿದರೆ ಒಂದಷ್ಟು ಹೊತ್ತು ಮೊಣಕಾಲೂರುತ್ತಾನೆ, ಮತ್ತೆ ಏಳುತ್ತಾನೆ. ಠಾಣೆಯಲ್ಲಿ ಅವನನ್ನು ಕೊಲ್ಲೋಕಾಗಲ್ಲ. ಓಡುವುದಿಲ್ಲ, ಕಿರುಚುವುದಿಲ್ಲ. ಬರೀ ನಡೆಯುತ್ತಾನೆ. ಅವನ ಬೂಟಿನ ಶಬ್ದ ಇಡೀ ಕಟ್ಟಡದಲ್ಲಿ ಕೇಳುತ್ತೆ. ಮೇಲಿನ ಮಹಡಿಯಲ್ಲಿದ್ದರೆ ತಲೆ ಮೇಲೆ, ಪಕ್ಕದ ರೂಮಿನಲ್ಲಿದ್ದರೆ ಗೋಡೆಯಾಚೆ.

ಆ ಸಂಜೆ ಅಮ್ಮ ಅವರೆಕಾಳು ಬಿಡಿಸೋದನ್ನ ನಿಲ್ಲಿಸಿ ಕೇಳಿದಳು: "ಮೇಲಿನ ಮನೆಯವರು ಊರಿಂದ ಬಂದ್ರಾ?"

"ಇಲ್ಲಮ್ಮ, ಗೇಮ್ ಅದು."

"ಯಾರೋ ಬೂಟು ಹಾಕ್ಕೊಂಡು ಓಡಾಡ್ತಿದಾರೆ. ನಿನ್ನ ಎಡಗಡೆ. ಈಗ ಮೆಟ್ಟಿಲು ಇಳೀತಿದಾನೆ ನೋಡು."

ಇಳಿಯುತ್ತಿದ್ದ. ನಾನು ನಕ್ಷೆ ನೋಡುತ್ತಾ ಮೈಮರೆತಿದ್ದೆ. ಬಲಗಡೆ ಓಡಿ ಉಳಿದುಕೊಂಡೆ. ಅಲ್ಲಿಂದ ಮುಂದೆ ಮೂರು ದಿನ ಅಮ್ಮ ನನ್ನ ರೇಡಾರ್. ಕುಕ್ಕರ್ ವಿಶಲ್ ಎಣಿಸುವ ಅದೇ ಗಮನದಲ್ಲಿ ಮಿಸ್ಟರ್ ಎಕ್ಸ್‌ನ ಹೆಜ್ಜೆ ಎಣಿಸುತ್ತಿದ್ದಳು. "ದೂರ ಹೋದ", "ಬಾಗಿಲು ತೆಗ್ದ", "ನಿಂತ್ಕೊಂಡಿದಾನೆ, ಅಲ್ಲಾಡಬೇಡ". ಒಂದು ಸಲ ನಾನು ಸೇವ್ ಮಾಡುವ ರೂಮಿಗೆ ನುಗ್ಗಿ ಉಸಿರು ಬಿಟ್ಟಾಗ ಅಮ್ಮ ನಗುತ್ತಾ, "ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀಬಾರದೇನೋ?" ಅಂದಳು.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಬಾಗಿಲು ಬಾಗಿಲಿಗೆ ಸೀಮೆಸುಣ್ಣದಲ್ಲಿ ಹಾಗೆ ಬರೆದಿದ್ದು ನಮ್ಮ ವಯಸ್ಸಿನವರು ಕಥೆಯಾಗಿ ಕೇಳಿದ್ದೇವೆ. ರಾತ್ರಿ ದೆವ್ವ ಬಂದು ಹೆಸರಿಡಿದು ಕರೆಯುತ್ತಂತೆ, ಬರಹ ಓದಿ ವಾಪಸ್ ಹೋಗುತ್ತಂತೆ, ಮಾರನೆಯ ದಿನವೂ ಅದೇ ಓದಿ ವಾಪಸ್. ದೆವ್ವಕ್ಕೆ ಓದೋಕೆ ಬರುತ್ತೆ, ಯೋಚನೆ ಮಾಡೋಕೆ ಬರಲ್ಲ. ಮಿಸ್ಟರ್ ಎಕ್ಸ್‌ ಕಥೆಯೂ ಅಷ್ಟೇ. ಕೆಲವು ರೂಮಿಗೆ ಬರಬೇಡ ಅಂತ ಅವನ ಕೋಡ್‌ನಲ್ಲಿ ಯಾರೋ ಬರೆದಿದ್ದಾರೆ, ಅವನು ಬಾಗಿಲ ತನಕ ಬಂದು ತಿರುಗಿ ಹೋಗುತ್ತಾನೆ. ಅಮ್ಮನಿಗೆ ಇದನ್ನ ಹೇಳಿದಾಗ ಅವಳಿಗೆ ಯಾವ ಆಶ್ಚರ್ಯವೂ ಆಗಲಿಲ್ಲ.

ನಾಲ್ಕರಲ್ಲಿ ಹಾರರ್ ಅಂತ ಲೆಕ್ಕ ಹಾಕಿದರೆ ನನ್ನ ಮೊದಲ ಸ್ಥಾನ ಇದಕ್ಕೇ. ಹತ್ತು ಗಂಟೆ ಹತ್ತಿರದಲ್ಲಿ ಮುಗಿಯುತ್ತೆ, ಎಲ್ಲೂ ಎಳೆದಿಲ್ಲ. ಕೊನೆಯ ಭಾಗದ ಚರಂಡಿ, ಪ್ರಯೋಗಾಲಯ ಎರಡೂ ಠಾಣೆಯಷ್ಟು ಚೆನ್ನಾಗಿಲ್ಲ, ಅದೊಂದೇ ದೂರು.

ಈ ಮಧ್ಯೆ ಒಂದನ್ನು ಬಿಟ್ಟೂ ಬಿಟ್ಟೆ. ಏಲಿಯನ್: ಐಸೊಲೇಶನ್, 2014ರದ್ದು. ಅದು ಕೆಟ್ಟ ಗೇಮ್ ಅಂತಲ್ಲ. ವಿಪರೀತ ಚೆನ್ನಾಗಿದೆ, ಅದೇ ಸಮಸ್ಯೆ. ಅದರೊಳಗಿನ ಕೆಲಸ ನಮ್ಮಂಥವರಿಗೆ ರುಚಿಸುವಂಥದ್ದು. ಆ ಪ್ರಾಣಿಯ ಬುದ್ಧಿ ಎರಡು ಪದರದಲ್ಲಿದೆ. ಮೇಲೊಬ್ಬ ನಿರ್ದೇಶಕ, ಅವನಿಗೆ ನೀವೆಲ್ಲಿದ್ದೀರಿ ಅಂತ ಸದಾ ಗೊತ್ತು. ಕೆಳಗೆ ಪ್ರಾಣಿ, ಅದಕ್ಕೆ ಗೊತ್ತಿಲ್ಲ. ಮೇಲಿನವನು "ಆ ಕಡೆ ಹುಡುಕು" ಅಂತ ಸುಳಿವು ಮಾತ್ರ ಕೊಡುತ್ತಾನೆ, ಕಣ್ಣು ಕಿವಿ ಬಳಸಿ ಹುಡುಕಬೇಕಾದ್ದು ಅದೇ. ನಿಮಗೆ ಒತ್ತಡ ಹೆಚ್ಚಾಯಿತು ಅನ್ನಿಸಿದರೆ ಅವನೇ ಅದನ್ನು ಸ್ವಲ್ಪ ದೂರ ಕಳಿಸುತ್ತಾನೆ. ಎಲ್ಲ ಗೊತ್ತಿರುವವನು ಮೇಲೆ ಕೂತು, ಏನೂ ಗೊತ್ತಿಲ್ಲದವನ ಕೈಯಲ್ಲಿ ನಿಮ್ಮನ್ನು ಹುಡುಕಿಸುತ್ತಾನೆ. ಆ 'ಕ್ವಿಕ್ ಸಿಂಕ್'ನಲ್ಲಿ ನನಗೆ ಸುದ್ದಿ ಹೇಳಿದ ಮ್ಯಾನೇಜರ್‌ಗೂ ಹಿಂದಿನ ರಾತ್ರಿಯಷ್ಟೇ ಪಟ್ಟಿ ಸಿಕ್ಕಿತ್ತಂತೆ. ಏಳು ಗಂಟೆ ಆಡಿ ಅನ್‌ಇನ್‌ಸ್ಟಾಲ್ ಮಾಡಿದೆ.

ಮೂರನೆಯದು ಸೆಕಿರೊ. 2019ರಲ್ಲಿ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಮಾಡಿದ್ದು, ನಿರ್ದೇಶಕ ಹಿದೆತಕ ಮಿಯಾಜಾಕಿ. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿ ಇದಕ್ಕೇ ಬಂತು. ಹದಿನಾರನೆಯ ಶತಮಾನದ ಕೊನೆಯ ಯುದ್ಧಕಾಲದ ಜಪಾನ್, ಆಶಿನಾ ಅನ್ನುವ ಕಲ್ಪಿತ ನಾಡು, ಒಂದು ಕೈ ಕಳೆದುಕೊಂಡ ನಿಂಜಾ. ಇದರಲ್ಲಿ ಸುಲಭ, ಮಧ್ಯಮ, ಕಷ್ಟ ಅಂತ ಆರಿಸಿಕೊಳ್ಳುವ ಅವಕಾಶವೇ ಇಲ್ಲ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ.

ಇಲ್ಲಿ ಶತ್ರುವಿನ ಜೀವ ಕಡಿಮೆ ಮಾಡುವುದಕ್ಕಿಂತ ಅವನ ನಿಲುವು ಮುರಿಯುವುದು ಮುಖ್ಯ. ಅವನ ಕತ್ತಿ ನಿಮ್ಮನ್ನು ಮುಟ್ಟುವ ಆ ಒಂದು ಕ್ಷಣಕ್ಕೆ ಸರಿಯಾಗಿ ಎಲ್ 1 ಒತ್ತಿದರೆ ಏಟು ಅವನಿಗೇ ತಿರುಗುತ್ತೆ. ಬೇಗ ಒತ್ತಿದರೆ ಬರೀ ತಡೆ, ತಡವಾದರೆ ಸಾವು. ಹಿಂದೆ ಸರಿದು ಸುಧಾರಿಸಿಕೊಳ್ಳೋಣ ಅಂದರೆ ಅವನೂ ಸುಧಾರಿಸಿಕೊಳ್ಳುತ್ತಾನೆ. ಮುಂದೆ ನಿಲ್ಲಲೇಬೇಕು.

ಕೋಟೆಯ ಮೇಲಿನ ಗೆನಿಚಿರೊ ನನ್ನನ್ನು ನಲವತ್ತಕ್ಕೂ ಹೆಚ್ಚು ಸಲ ಕೊಂದ. ಎಣಿಸಿದ್ದು ಅಮ್ಮ. ಹತ್ತಿಪ್ಪತ್ತು ಸಾವಿನ ಮೇಲೆ ಅವಳೇ ಹೇಳಿದಳು: "ಸರಿಯಾಗಿ ಆದಾಗ ತಾಮ್ರದ ಬಿಂದಿಗೆಗೆ ಹೊಡೆದ ಹಾಗೆ ಠಣ್ ಅನ್ನುತ್ತೆ. ತಪ್ಪಾದಾಗ ಟಪ್ ಅನ್ನುತ್ತೆ. ನೀನು ಮೂರು ಠಣ್ ಆದ ಮೇಲೆ ಆತುರ ಬೀಳ್ತೀಯ." ನಿಜ. ಅವನ ಸರಣಿ ಏಟಿನ ನಡುವೆ ಒಂದು ಚಿಕ್ಕ ಬಿಡುವು ಇದೆ. ನಾನು ಅಲ್ಲಿ ಕಾಯದೆ ಒತ್ತಿಬಿಡುತ್ತಿದ್ದೆ. ಕಣ್ಣಿಗೆ ಕಾಣದ್ದು ಅಮ್ಮನ ಕಿವಿಗೆ ಕೇಳಿತ್ತು. ಆಮೇಲೆ ನಾನೂ ಪರದೆ ನೋಡೋದು ಕಡಿಮೆ ಮಾಡಿ ಶಬ್ದಕ್ಕೆ ಆಡೋಕೆ ಶುರು ಮಾಡಿದೆ.

ಸೆಕಿರೊದಲ್ಲಿ ಒಂದು ಕ್ರೂರ ವ್ಯವಸ್ಥೆ ಇದೆ. ನೀವು ಪದೇ ಪದೇ ಸತ್ತರೆ ನಿಮಗೆ ಸಹಾಯ ಮಾಡಿದವರಿಗೆ ಕಾಯಿಲೆ ಬರುತ್ತೆ. ನಿಮಗೆ ಕೃತಕ ಕೈ ಮಾಡಿಕೊಟ್ಟ ಶಿಲ್ಪಿ ಕೂಡ ಕೆಮ್ಮುತ್ತಾ ಕೂರುತ್ತಾನೆ. ಅವನ ಗುಡಿಗೆ ಹೋದಾಗಲೆಲ್ಲ ಆ ಕೆಮ್ಮು. "ಯಾರೋ ಪಾಪ, ಕಷಾಯ ಮಾಡಿಕೊಡು" ಅಂದಳು ಅಮ್ಮ. ಅವನ ಕಾಯಿಲೆಗೆ ಕಾರಣ ನಾನೇ ಅಂತ ಹೇಳೋಕೆ ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ಸಣ್ಣ ವಿಷಯ. ಇದೇ ಕಂಪನಿಯ ಡಾರ್ಕ್ ಸೋಲ್ಸ್‌ನಲ್ಲಿ ಪಾಸ್ ಇಲ್ಲ, ಸೆಕಿರೊದಲ್ಲಿ ಇದೆ. ಅಮ್ಮನ ಕಣ್ಣಿಗೆ ದಿನಕ್ಕೆ ಆರು ಸಲ ಡ್ರಾಪ್ಸ್ ಹಾಕಬೇಕಿತ್ತು. ಗೆನಿಚಿರೊ ಕತ್ತಿ ಎತ್ತಿ ಗಾಳಿಯಲ್ಲಿ ನಿಂತಿರುತ್ತಿದ್ದ, ನಾನು ಕೈ ತೊಳೆದುಕೊಂಡು ಬಂದು ಡ್ರಾಪ್ಸ್ ಹಾಕುತ್ತಿದ್ದೆ. ಐದು ನಿಮಿಷ ಕಣ್ಣು ಮುಚ್ಚಿ ಕೂರಬೇಕು. ಆ ಐದು ನಿಮಿಷ ಅವನೂ ಹಾಗೇ ನಿಂತಿರುತ್ತಿದ್ದ.

ಸೆಕಿರೊ ಬಗ್ಗೆ ಬರೆಯುವವರೆಲ್ಲ ಇದು ಜೀವನದಲ್ಲಿ ಸೋಲನ್ನು ಎದುರಿಸುವುದು ಹೇಗೆ ಅಂತ ಕಲಿಸುತ್ತೆ ಅಂತ ಬರೆಯುತ್ತಾರೆ. ನನಗೆ ಕಲಿಸಲಿಲ್ಲ. ಗೆನಿಚಿರೊ ಪ್ರತಿ ಸಲವೂ ಅದೇ ಏಟು ಹೊಡೆಯುತ್ತಾನೆ. ನಾನು ಯಾಕೆ ಸತ್ತೆ ಅಂತ ಪ್ರತಿ ಸಲವೂ ನನಗೆ ಗೊತ್ತಾಗುತ್ತೆ. ಆ ದಿನಗಳಲ್ಲಿ ಬೆಳಗ್ಗೆ ರೂಮಿನ ಬಾಗಿಲು ಹಾಕಿಕೊಂಡು, ಮೆಲುದನಿಯಲ್ಲಿ ನಾಲ್ಕು ಇಂಟರ್‌ವ್ಯೂ ಕೊಟ್ಟಿದ್ದೆ. ಮೂರರಿಂದ "ಬೇರೆ ಅಭ್ಯರ್ಥಿಗಳೊಂದಿಗೆ ಮುಂದುವರಿಯುತ್ತಿದ್ದೇವೆ" ಅಂತ ಮೇಲ್ ಬಂತು, ಒಂದರಿಂದ ಅದೂ ಇಲ್ಲ. ಎಲ್ಲಿ ತಪ್ಪಿತು ಅಂತ ಯಾರೂ ಹೇಳಲ್ಲ. ಠಣ್ ಇಲ್ಲ, ಟಪ್ ಇಲ್ಲ. ಎರಡನ್ನೂ ಹೋಲಿಸುವವರಿಗೆ ಬಹುಶಃ ಕೆಲಸ ಇದೆ.

ಕೊನೆಯ ಬಾಸ್ ಇಶ್ಶಿನ್. ಮೊದಲು ಗೆನಿಚಿರೊನನ್ನು ಮತ್ತೊಮ್ಮೆ ಸೋಲಿಸಬೇಕು, ಆಮೇಲೆ ಇಶ್ಶಿನ್‌ನ ಜೊತೆ ಮೂರು ಸುತ್ತು. ಕೊನೆಯ ಸುತ್ತಿನಲ್ಲಿ ಅವನು ಎಸೆಯುವ ಸಿಡಿಲನ್ನು ಹಾರಿ ಹಿಡಿದು ಅವನಿಗೇ ವಾಪಸ್ ಎಸೆಯಬೇಕು. ಆರು ರಾತ್ರಿ ತಗೊಂಡಿತು. ಏಳನೆಯ ರಾತ್ರಿ ಹನ್ನೊಂದೂವರೆಗೆ ಅವನು ಬಿದ್ದ. ನಾನು ಸೋಫಾದಿಂದ ಎದ್ದು ಕೂಗಿದ ಕೂಗಿಗೆ ಪಕ್ಕದ ಅಪಾರ್ಟ್‌ಮೆಂಟಿನ ನಾಯಿ ಬೊಗಳಿತು.

ಅಮ್ಮ ರೂಮಿನಿಂದ ಬಂದಳು. ಕನ್ನಡಕ ಇರಲಿಲ್ಲ. "ಗೆದ್ಯಾ?" ಅಂದಳು. ಗೆದ್ದೆ ಅಂದೆ. ನನ್ನ ಪಕ್ಕ ಕೂತು ಒಂದು ನಿಮಿಷ ಸುಮ್ಮನಿದ್ದಳು.

"ಈಗ ಹೇಳು. ಕೆಲಸ ಏನಾಯ್ತು?"

ನಾನು ಏನೋ ಹೇಳೋಕೆ ಹೋದೆ. ಅಮ್ಮ ತಡೆದಳು. "ಯುಗಾದಿಗೆ ಬಂದಾಗ ನಿನ್ನ ಲ್ಯಾಪ್‌ಟಾಪು ರಾತ್ರಿ ಹನ್ನೆರಡಾದ್ರೂ ಟುಂಯ್ ಟುಂಯ್ ಅಂತಿತ್ತು. ಊಟಕ್ಕೆ ಕೂತ್ರೆ ಟುಂಯ್, ಸ್ನಾನಕ್ಕೆ ಹೋದ್ರೆ ಟುಂಯ್. ಈ ಸಲ ಬಂದು ತಿಂಗಳಾಯ್ತು, ಒಂದು ದಿನಾನೂ ಕೇಳಿಲ್ಲ. ಕಣ್ಣು ಮುಚ್ಕೊಂಡು ಕೂತಿದ್ನಲ್ಲ, ಇನ್ನೇನು ಕೆಲಸ ನಂಗೆ?"

ಮೆಲುದನಿಯ ಇಂಟರ್‌ವ್ಯೂಗಳೂ ಕೇಳಿಸಿದ್ದವಂತೆ. "ಇಂಗ್ಲಿಷು ಅರ್ಥ ಆಗ್ಲಿಲ್ಲ. ಆದ್ರೆ ನಿನ್ನ ದನಿ ಗೊತ್ತಾಗಲ್ವೇನೋ?"

ಇನ್ಶೂರೆನ್ಸ್ ವಿಷಯ ಹೇಳಿದೆ. ಆತುರದಲ್ಲಿ ಯಾಕೆ ಕರೆಸಿದೆ ಅಂತ ಹೇಳಿದೆ. ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಅವಳಿಗೆ ಸಿಟ್ಟು ಬಂದಿದ್ದು ಒಂದಕ್ಕೇ: "ಹಾಗಿದ್ರೆ ಮೊದ್ಲು ಬಲಗಣ್ಣು ಮಾಡ್ಸಬೇಕಿತ್ತಲ್ಲೋ. ಅದೇ ಜಾಸ್ತಿ ಮಂಜು." ಡಾಕ್ಟರ್ ಎಡಗಣ್ಣು ಅಂದರು, ನಾನು ಹೂಂ ಅಂದೆ. ಅಮ್ಮನನ್ನು ಯಾರೂ ಕೇಳಿರಲಿಲ್ಲ.

ನಾಲ್ಕನೆಯ ಗೇಮ್ ಅನ್ನು ಅಮ್ಮ ಟಿವಿ ಕಡೆ ಮುಖ ಮಾಡಿಯೇ ನೋಡಿದಳು. ದಿ ಲಾಸ್ಟ್ ಆಫ್ ಅಸ್, ಎರಡನೆಯ ಭಾಗ. 2020ರ ಜೂನ್‌ನಲ್ಲಿ, ಲಾಕ್‌ಡೌನ್ ವರ್ಷದಲ್ಲಿ ಬಂದದ್ದು, ನಾಟಿ ಡಾಗ್ ಸ್ಟುಡಿಯೊದ್ದು. ಶುರುವಿನಲ್ಲಿ ಎಲ್ಲೀ ಅನ್ನುವ ಹುಡುಗಿ ಗೆಳತಿಯ ಜೊತೆ ಹಿಮದಲ್ಲಿ ಕುದುರೆ ಮೇಲೆ ಕಾವಲು ಹೊರಡುತ್ತಾಳೆ. ಅಮ್ಮ ಒಂದೊಂದು ಕಣ್ಣನ್ನೇ ಮುಚ್ಚಿ ತೆಗೆದು ನೋಡಿದಳು. "ಇಷ್ಟು ಬೆಳ್ಳಗೆ ಕಾಣ್ತಿರೋದು ಹಿಮಾನಾ, ನನ್ನ ಕಣ್ಣಾ? ಈ ಕಣ್ಣಲ್ಲಿ ನೋಡಿದ್ರೆ ಹಾಲು, ಆ ಕಣ್ಣಲ್ಲಿ ನೋಡಿದ್ರೆ ಟೀ."

ಈ ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಅರವತ್ತಕ್ಕೂ ಹೆಚ್ಚು ಆಯ್ಕೆಗಳು ಕಣ್ಣು, ಕಿವಿ, ಕೈ ಸರಿಯಿಲ್ಲದವರಿಗಾಗಿಯೇ ಇವೆ. ಕಣ್ಣೇ ಕಾಣದವರೂ ಬರೀ ಶಬ್ದದ ಸಹಾಯದಿಂದ ಆಡಿ ಮುಗಿಸಲಿ ಅನ್ನುವ ಉದ್ದೇಶದಿಂದ ಮಾಡಿದ್ದು. ಯಾವ ಕಡೆ ಹೋಗಬೇಕು ಅಂತ ಒಂದು ಬಟನ್ ಒತ್ತಿದರೆ ದಾರಿಯ ಕಡೆಗೆ ತಿರುಗಿಸುತ್ತೆ, ಹಾರಬೇಕಾದ ಕಡೆ ಒಂದು ಶಬ್ದ, ಬಗ್ಗಬೇಕಾದ ಕಡೆ ಇನ್ನೊಂದು. ಹತ್ತು ವರ್ಷ ಸಾಫ್ಟ್‌ವೇರ್ ಬರೆಯೋದ್ರಲ್ಲಿ ಇಂಥ ಕೆಲಸವನ್ನ ನಾವು "ಮುಂದಿನ ಕ್ವಾರ್ಟರ್‌ಗೆ ನೋಡೋಣ" ಅಂತ ತಳ್ಳುತ್ತಾ ಬಂದಿದ್ದು ಎಷ್ಟು ಸಲವೋ. ಎಲ್ಲ ಆನ್ ಮಾಡಿ ಕಂಟ್ರೋಲರ್ ಅಮ್ಮನ ಕೈಗೆ ಕೊಟ್ಟೆ. ಕಾಲು ಗಂಟೆ ಕುದುರೆ ಓಡಿಸಿದಳು. ಆಮೇಲೆ "ತಗೋ, ಹೆಬ್ಬೆರಳು ನೋಯುತ್ತೆ" ಅಂತ ವಾಪಸ್ ಕೊಟ್ಟಳು.

ಕಥೆ ಪೂರ್ತಿ ಬಿಡಿಸಿ ಹೇಳಲ್ಲ. ಆದರೂ ಆಡುವ ಯೋಚನೆ ಇರುವವರು ಮುಂದಿನ ಎರಡು ಪ್ಯಾರಾ ಬಿಡಿ. ಇದು ಸೇಡಿನ ಕಥೆ. ಅರ್ಧ ಗೇಮ್ ನೀವು ಎಲ್ಲೀ. ಇನ್ನರ್ಧ, ಎಲ್ಲೀ ಯಾರನ್ನು ಕೊಲ್ಲಲು ಹೊರಟಿದ್ದಾಳೋ ಅವಳೇ ನೀವು. ಮೊದಲ ಅರ್ಧದಲ್ಲಿ ಬರೀ ಶತ್ರುಗಳಾಗಿದ್ದವರು ಎರಡನೆಯ ಅರ್ಧದಲ್ಲಿ ನಿಮ್ಮ ಸ್ನೇಹಿತರು. ಒಬ್ಬನನ್ನು ಕೊಂದರೆ ಅವನ ಜೊತೆಗಾರ ಅವನ ಹೆಸರು ಹಿಡಿದು ಕೂಗುತ್ತಾನೆ. ಡೆಡ್ ಸ್ಪೇಸ್‌ನಲ್ಲಿ ಕೈಕಾಲು ಕತ್ತರಿಸಿದಾಗ ಅನ್ನಿಸದಿದ್ದದ್ದು ಇಲ್ಲಿ ಒಂದು ಹೆಸರು ಕೇಳಿದಾಗ ಅನ್ನಿಸುತ್ತೆ. ಉದ್ದ ಜಾಸ್ತಿ ಆಯಿತು, ಇಪ್ಪತ್ತೈದು ಗಂಟೆ ಹಿಡಿಯಿತು, ಮಧ್ಯದಲ್ಲಿ ಎರಡು ಸಲ ಇಲ್ಲಿಗೇ ಮುಗಿಯಿತು ಅಂದುಕೊಂಡೆ. ಆದರೂ ಈ ಒಂದು ಉಪಾಯವನ್ನು ಸಿನಿಮಾ ಮಾಡೋಕಾಗಲ್ಲ. ಸಿನಿಮಾದಲ್ಲಿ ಕೊಲ್ಲೋದು ಇನ್ಯಾರೋ. ಇಲ್ಲಿ ಬಟನ್ ಮೇಲಿರೋದು ನನ್ನ ಬೆರಳು.

ಕೊನೆಯ ಜಗಳ ನೀರಿನಲ್ಲಿ. ಇಬ್ಬರೂ ಹೆಂಗಸರು ಸೋತು ಸುಣ್ಣವಾಗಿದ್ದಾರೆ, ಎದುರಿನವಳು ಮೂಳೆ ಚರ್ಮ. ಅವಳಿಗೆ ಜಗಳವೂ ಬೇಡ. ಗೇಮ್ ಸ್ಕ್ವೇರ್ ಬಟನ್ ಒತ್ತು ಅನ್ನುತ್ತೆ. ಅಮ್ಮ ಮುಂದಕ್ಕೆ ಬಾಗಿ ಕೂತಿದ್ದವಳು, "ಬಿಟ್ಟು ಮನೆಗೆ ಹೋಗ್ಬಾರದೇನೋ ಅವಳು?" ಅಂದಳು. "ಅದಕ್ಕೆ ಬಟನ್ ಇಲ್ಲಮ್ಮ" ಅಂದೆ. "ಇಷ್ಟೆಲ್ಲ ಬಟನ್ ಇಟ್ಟಿದಾರೆ, ಅದೊಂದು ಇಡೋಕೇನು?" ಈ ಗೇಮ್ ಬಗ್ಗೆ ಐದು ವರ್ಷ ಜನ ಜಗಳವಾಡಿದ್ದು ಇದೇ ಪ್ರಶ್ನೆಗೆ. ನನ್ನ ಅಭಿಪ್ರಾಯ ಅಮ್ಮನ ಕಡೆಗೇ. ನನ್ನ ಕೈಯಲ್ಲೇ ಮಾಡಿಸಿ ಆಮೇಲೆ ನನಗೇ ನಾಚಿಕೆ ಆಗಲಿ ಅನ್ನೋದು ನ್ಯಾಯ ಅಲ್ಲ. ಆದರೆ ಆ ಬಟನ್ ಇದ್ದಿದ್ದರೆ ನಾನು ಒತ್ತುತ್ತಿದ್ದೆನಾ? ಇಪ್ಪತ್ತೈದು ಗಂಟೆ ಅವಳ ಬೆನ್ನು ಹತ್ತಿ ಬಂದವನು ನಾನೇ ತಾನೇ. ಗೊತ್ತಿಲ್ಲ.

ಬಲಗಣ್ಣಿನ ವಿಷಯಕ್ಕೆ ನಮ್ಮಿಬ್ಬರಿಗೆ ಒಂದು ವಾರ ಜಗಳ ನಡೆಯಿತು. ಜಿಲ್ಲಾಸ್ಪತ್ರೆಯಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ, ಪಕ್ಕದ ಮನೆಯವರು ಮಾಡಿಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಾರೆ ಅಂತ ಅಮ್ಮ. ಅದೇ ಡಾಕ್ಟರ್ ಹತ್ತಿರ ಮಾಡಿಸೋಣ, ನನ್ನ ಹತ್ತಿರ ಉಳಿತಾಯ ಇದೆ ಅಂತ ನಾನು. "ಆ ದುಡ್ಡಲ್ಲಿ ಬಾಡಿಗೆ ಕಟ್ಟು" ಅಂದಳು. ಕೊನೆಗೆ ಕೊಬ್ಬರಿ ಮಾರಿದ ದುಡ್ಡಲ್ಲಿ ಅರ್ಧ, ನನ್ನದು ಅರ್ಧ ಅಂತ ತೀರ್ಮಾನ ಆಗಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಅಮ್ಮನೇ ಹೇಳುತ್ತಾಳಂತೆ, ಹೊತ್ತು ನೋಡಿ. ಈ ಗುರುವಾರ ಒಂದು ಇಂಟರ್‌ವ್ಯೂ ಇದೆ, ಎರಡನೆಯ ಸುತ್ತು.

ಅಮ್ಮ ಊರಿಗೆ ಹೋಗಿ ಹತ್ತು ದಿನ ಆಯಿತು. ರೆಸಿಡೆಂಟ್ ಈವಿಲ್ 2 ಅನ್ನು ಈಗ ಕ್ಲೇರ್ ಅನ್ನುವ ಹುಡುಗಿಯಾಗಿ ಎರಡನೆಯ ಸಲ ಆಡುತ್ತಿದ್ದೇನೆ. ಹೆಡ್‌ಫೋನ್ ಹಾಕಿಕೊಂಡರೂ ಹೆಜ್ಜೆ ಯಾವ ಕಡೆಯಿಂದ ಬರುತ್ತಿದೆ ಅಂತ ತಕ್ಷಣ ತಿಳಿಯಲ್ಲ, ಎರಡು ಸಲ ಸತ್ತೆ. ನಿನ್ನೆ ರಾತ್ರಿ ಅಮ್ಮ ಫೋನ್ ಮಾಡಿದಾಗ ಪಾಸ್ ಮಾಡೋದು ಮರೆತು ಮಾತಾಡುತ್ತಿದ್ದೆ.

"ಟೋಪಿಯವನು ಬಂದ ಕಣೋ" ಅಂದಳು. "ಫೋನಲ್ಲಿ ಕೇಳ್ತಿದೆ. ಓಡು ಮೊದ್ಲು, ಆಮೇಲೆ ಮಾತಾಡೋಣ."